ಬಾಯಾರಿಕೆ ಮತ್ತು ಆರೋಗ್ಯ

(ಸೊಲ್ಲಾಪುರದಲ್ಲಿ ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಭಾಷೆಯನ್ನು ಕುರಿತು, ಸಾಹಿತ್ಯವನ್ನು ಕುರಿತು ಮಾತನಾಡುವುದು ವಾಡಿಕೆ. ಆ ವಿಷಯಗಳಲ್ಲಿ ನನಗಿಂತ ಎಷ್ಟೋ ಪಾಲು ಬಲ್ಲವರು ಈ ವೇದಿಕೆಯ ಮೇಲಿದ್ದಾರೆ. ನಾನಾದರೋ ನಲವತ್ತು ವರ್ಷಗಳ ಕಾಲ ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿ ಜನರ ನಾಡಿ ಹಿಡಿದು ನೋಡಿದವನು. ಕಾರ್ಯದರ್ಶಿಗಳು “ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿರಿ” ಎಂದಾಗ, ಯಾವ ದೊಡ್ಡ ರೋಗವನ್ನು ಆರಿಸಿಕೊಳ್ಳಲಿ ಎಂದು ಮೊದಲು ಯೋಚಿಸಿದೆನು. ಕಡೆಗೆ ಎಲ್ಲಕ್ಕಿಂತ ಸಣ್ಣದೆಂದು ತೋರುವ ವಿಷಯವನ್ನೇ ಆರಿಸಿಕೊಂಡೆನು. ಸಾಕಷ್ಟು ನೀರು ಕುಡಿಯುವುದು, ಅದೇ ಇಂದಿನ ನನ್ನ ವಿಷಯ.

ಈ ಊರಿನಲ್ಲಿ ನೀರಿನ ಮಾತನ್ನು ಸಿದ್ಧರಾಮೇಶ್ವರರ ಸ್ಮರಣೆಯಿಲ್ಲದೆ ಆರಂಭಿಸಲಾಗದು. ಸೊಲ್ಲಾಪುರವು ಸೊನ್ನಲಿಗೆಯೆನಿಸಿಕೊಂಡಿದ್ದ 12ನೆಯ ಶತಮಾನದಲ್ಲಿ ಆ ಶಿವಯೋಗಿಗಳು ಕನ್ನಡದಲ್ಲಿ ವಚನಗಳನ್ನು ಹೇಳಿದರು. ಅದರೊಂದಿಗೆ ಜನರನ್ನು ಕೂಡಿಸಿಕೊಂಡು ಕೆರೆಯನ್ನೂ ಕಟ್ಟಿಸಿದರು. ಊರ ನಡುವೆ ಇಂದಿಗೂ ಆ ಕೆರೆಯಿದೆ. ದೇವರ ಧ್ಯಾನ ಮತ್ತು ಬಾಯಾರಿದವರ ಚಿಂತೆ ಅವರಿಗೆ ಎರಡಾಗಿರಲಿಲ್ಲ. ನಮ್ಮ ಪೂರ್ವಿಕರು ದಾರಿಹೋಕರಿಗಾಗಿ ಅರವಟ್ಟಿಗೆಗಳನ್ನು ಇಡಿಸುತ್ತಿದ್ದರು. ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಒಂದು ತುಣುಕು ಬೆಲ್ಲ, ಆಮೇಲೆ ಕುಶಲಪ್ರಶ್ನೆ. ಇದು ನಮ್ಮ ಸೀಮೆಯ ಸಂಪ್ರದಾಯ. ಇಂತಹ ಜನರಲ್ಲಿಯೇ ನೀರು ಕುಡಿಯದೆ ಕಾಯಿಲೆ ಬೀಳುವವರು ಇಷ್ಟೊಂದು ಮಂದಿ ಇದ್ದಾರೆಂಬುದು ನನಗೆ ಬಹುಕಾಲ ಹೊಳೆದಿರಲಿಲ್ಲ.

ಮೊದಲು ದೇಹದ ವ್ಯವಹಾರವನ್ನು ಸ್ವಲ್ಪ ತಿಳಿಯೋಣ. 60 ಕಿಲೋ ತೂಕದ ಒಬ್ಬ ಗಂಡಸಿನ ದೇಹದಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ. ಹೆಂಗಸರಲ್ಲಿ ಪ್ರಮಾಣ ತುಸು ಕಡಿಮೆ. ರಕ್ತವು ಹರಿಯುವುದು, ಅನ್ನವು ಜೀರ್ಣವಾಗುವುದು, ಮೈಯ ಕಾವು ಒಂದು ಮಟ್ಟದಲ್ಲಿ ನಿಲ್ಲುವುದು ಎಲ್ಲವೂ ಈ ನೀರಿನ ಬಲದಿಂದಲೇ. ನಮ್ಮ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಟ್ಟು, ಉಳಿದುದನ್ನೆಲ್ಲ ಮರಳಿ ರಕ್ತಕ್ಕೆ ಒಪ್ಪಿಸುತ್ತವೆ. ಯಾವ ಜಿಪುಣನೂ ತನ್ನ ಹಣವನ್ನು ಇಷ್ಟು ಜೋಪಾನ ಮಾಡಲಾರನು! ಆದರೆ ಜಿಪುಣತನಕ್ಕೂ ಒಂದು ಮಿತಿಯಿದೆ. ದೇಹದ ಕಲ್ಮಶವನ್ನು ಹೊರಗೆ ಸಾಗಿಸಲು ದಿನಕ್ಕೆ ಅರ್ಧ ಲೀಟರಾದರೂ ಮೂತ್ರ ಬೇಕೇ ಬೇಕು. ಉಸಿರಿನಲ್ಲಿಯೂ ಬೆವರಿನಲ್ಲಿಯೂ ಹೋಗುವುದು ಬೇರೆ. ನಮ್ಮ ವೈಶಾಖದ ಬಿಸಿಲಿನಲ್ಲಿ, ಉಷ್ಣಮಾನವು 40 ಡಿಗ್ರಿಯನ್ನು ದಾಟಿದಾಗ, ಮೈಮುರಿದು ದುಡಿಯುವವನು ಒಂದು ಗಂಟೆಯಲ್ಲಿಯೇ ಒಂದು ಲೀಟರ್ ಬೆವರು ಸುರಿಸಬಲ್ಲನು. ಆ 60 ಕಿಲೋ ಮನುಷ್ಯನಿಗೆ ಒಂದೂಕಾಲು ಲೀಟರಿನಷ್ಟು ನೀರು ಕಡಿಮೆಯಾಯಿತೆಂದರೆ ಕೈಯ ಚುರುಕು ಇಳಿಯುತ್ತದೆ, ಗಮನ ತಪ್ಪುತ್ತದೆ, ತಲೆ ನೋಯುತ್ತದೆ. ನಾವು ಅದನ್ನು “ಉಷ್ಣವಾಗಿದೆ” ಎಂದು ಹೇಳಿ ಸುಮ್ಮನಾಗುತ್ತೇವೆ.

ಹಾಗಾದರೆ ಎಷ್ಟು ನೀರು ಕುಡಿಯಬೇಕು? ದಿನಕ್ಕೆ ಎಂಟು ಲೋಟವೆಂಬ ಮಾತು ಎಲ್ಲರ ಬಾಯಲ್ಲಿದೆ. 2002ರಲ್ಲಿ ಹೈನ್ಸ್ ವಾಲ್ಟಿನ್ ಎಂಬ ಅಮೆರಿಕದ ಪ್ರಾಧ್ಯಾಪಕರು ಈ ಮಾತಿನ ಮೂಲವನ್ನು ಹುಡುಕುತ್ತ ಹೋಗಿ, ಎಲ್ಲರಿಗೂ ಇದೇ ಲೆಕ್ಕವೆಂಬುದಕ್ಕೆ ಶಾಸ್ತ್ರೀಯ ಆಧಾರವಿಲ್ಲವೆಂದು ತೋರಿಸಿದರು. ಐರೋಪ್ಯ ಆಹಾರ ತಜ್ಞರು 2010ರಲ್ಲಿ ಗಂಡಸರಿಗೆ ಎರಡೂವರೆ ಲೀಟರ್, ಹೆಂಗಸರಿಗೆ ಎರಡು ಲೀಟರ್ ಎಂದು ಹೇಳಿದರು. ಅದು ಊಟದಲ್ಲಿ ಬರುವ ನೀರೂ ಸೇರಿದ ಲೆಕ್ಕ; ಅಲ್ಲದೆ ಹಿತಮಿತವಾದ ಹವೆಯಲ್ಲಿ ಮಿತವಾಗಿ ಶ್ರಮಿಸುವವರ ಲೆಕ್ಕ. ಅನ್ನ, ಸಾರು, ಹಣ್ಣು ಉಣ್ಣುವವನಿಗೆ ಊಟದಿಂದಲೂ ಸಾಕಷ್ಟು ನೀರು ದೊರೆಯುತ್ತದೆ. ನಮ್ಮ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯಲ್ಲಿ ನೀರೆಲ್ಲಿದೆ? ರುಚಿಯಲ್ಲಿ ಅದಕ್ಕೆ ಸಮನಿಲ್ಲ, ನಾನೂ ಅದನ್ನೇ ಉಂಡು ಬೆಳೆದವನು. ಆದರೆ ಆ ಬುತ್ತಿಯ ಜೊತೆಗೆ ನೀರನ್ನೂ ಮಜ್ಜಿಗೆಯನ್ನೂ ಕಟ್ಟಿಕೊಂಡು ಹೋಗಬೇಕು.

ಲೋಟಗಳನ್ನು ಎಣಿಸುವುದಕ್ಕಿಂತ ಸುಲಭವಾದ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ಸಭೆಯಲ್ಲಿ ಆಡುವ ಮಾತಲ್ಲವೆಂದು ಯಾರೂ ಸಂಕೋಚಪಡಬಾರದು. ಬೆಳಗಿನ ಮೊದಲ ಸಲವನ್ನು ಬಿಟ್ಟು, ಹಗಲಿನಲ್ಲಿ ಮೂತ್ರವು ಒಣಹುಲ್ಲಿನ ತಿಳಿಹಳದಿ ಬಣ್ಣದ್ದಾಗಿದ್ದರೆ ನೀರು ಸಾಕಾಗಿದೆಯೆಂದು ತಿಳಿಯಬಹುದು. ಕಪ್ಪು ಚಹದ ಬಣ್ಣಕ್ಕೆ ತಿರುಗಿದರೆ, ದಿನಕ್ಕೆ ಎರಡು ಮೂರೇ ಸಲವಾದರೆ, ದೇಹವು ಕಷ್ಟದಲ್ಲಿದೆ. ನೀರು ಕುಡಿದರೂ ಆ ಬಣ್ಣ ತಿಳಿಯಾಗದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಮುದುಕರಿಗೆ ಈ ಪರೀಕ್ಷೆ ಇನ್ನೂ ಅವಶ್ಯ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ. “ಅಜ್ಜಾ, ನೀರು ಬೇಕೇನು?” ಎಂದು ಕೇಳಿದರೆ ಬೇಡವೆನ್ನುತ್ತಾರೆ, ಕೇಳದೆಯೇ ತಂಬಿಗೆಯನ್ನು ಕೈಗೆ ಕೊಡುವುದು ಲೇಸು.

ಇನ್ನು ನೀರಿನಿಂದಾಗುವ ಪ್ರಯೋಜನಗಳ ಮಾತು. ನೀರು ಸರ್ವರೋಗಕ್ಕೂ ಮದ್ದೆಂದು ಹೇಳುವವರಿದ್ದಾರೆ, ಅದು ನಿಜವಲ್ಲ. ನಿಜವಾದುದೇ ಸಾಕಷ್ಟಿದೆ. ಮೂತ್ರಪಿಂಡದ ಹರಳನ್ನು ತೆಗೆದುಕೊಳ್ಳಿರಿ. ಇಟಲಿಯ ವೈದ್ಯರು ಮೊದಲ ಸಲ ಹರಳಾದ 199 ಜನರನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ದಿನಕ್ಕೆ ಎರಡು ಲೀಟರ್ ಮೂತ್ರವಾಗುವಷ್ಟು ನೀರು ಕುಡಿಯಲು ಹೇಳಿ, ಐದು ವರ್ಷ ಕಾದು ನೋಡಿದರು. 1996ರಲ್ಲಿ ಫಲ ಪ್ರಕಟವಾಯಿತು. ನೀರು ಕುಡಿದವರಲ್ಲಿ ನೂರಕ್ಕೆ 12 ಜನರಿಗೆ, ಉಳಿದವರಲ್ಲಿ ನೂರಕ್ಕೆ 27 ಜನರಿಗೆ ಹರಳು ಮರುಕಳಿಸಿತ್ತು. ಕಾಸಿಲ್ಲದ ಔಷಧದಿಂದ ಅರ್ಧಕ್ಕಿಂತ ಹೆಚ್ಚು ನೋವು ತಪ್ಪಿತು.

ಇನ್ನೊಂದು ಉದಾಹರಣೆ ನಮ್ಮ ದೇಶದ್ದೇ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳದ ಮೂಲಕ ಕೊಡುವ ದ್ರವವು ಮುಗಿಯುತ್ತ ಬಂದಾಗ ಡಾಕ್ಟರ್ ದಿಲೀಪ್ ಮಹಾಲನಬೀಸರು ನೀರಿನಲ್ಲಿ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿ ಬಾಯಿಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಮರಣವು ನೂರಕ್ಕೆ ನಾಲ್ಕಕ್ಕಿಂತಲೂ ಕೆಳಗಿಳಿಯಿತು. ತಾಯಂದಿರು ಇದನ್ನು ನೆನಪಿಡಬೇಕು. ಮಗುವಿಗೆ ಭೇದಿಯಾದಾಗ ನೀರು ನಿಲ್ಲಿಸುವುದು ತಪ್ಪು. ಅಂಗಡಿಯ ಓಆರ್‌ಎಸ್ ಪುಡಿ ಸಿಕ್ಕದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹದ ಚಮಚೆಯಿಂದ ಸಮವಾಗಿ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಿರಿ, ಎದೆಹಾಲನ್ನು ನಿಲ್ಲಿಸಬೇಡಿರಿ.

ಇಷ್ಟನ್ನೂ ನಾನು ಪುಸ್ತಕಗಳಿಂದ ಕಲಿತೆನು. ಆದರೆ ಎರಡು ಸಂಗತಿಗಳನ್ನು ರೋಗಿಗಳಿಂದಲೇ ಕಲಿಯಬೇಕಾಯಿತು.

ಪವರ್‌ಲೂಮ್ ನಡೆಸುವ ಒಬ್ಬ ತರುಣನು ಹರಳಿನ ನೋವಿನಿಂದ ಮೂರನೆಯ ಸಲ ನನ್ನಲ್ಲಿಗೆ ಬಂದನು. ನಾನು ಸಿಟ್ಟಿನಿಂದ, “ನೀರು ಕುಡಿ ಎಂದು ಎಷ್ಟು ಸಲ ಹೇಳಬೇಕು?” ಎಂದು ಗದರಿಸಿದೆನು. ಅವನು ತಲೆ ತಗ್ಗಿಸಿ, “ಸಾಹೇಬ್ರ, ನೀರಿನ ಕೊಡ ಬಾಗಲ ಹೊರಗ ಐತ್ರಿ. ಮಗ್ಗ ಬಿಟ್ಟು ಹ್ವಾದ್ರ ಎಳಿ ಹರೀತಾವ್ರಿ, ಪಗಾರ ಹಿಡೀತಾರ್ರಿ” ಎಂದನು. ನನ್ನ ಉಪದೇಶವು ಸರಿಯಾಗಿತ್ತು. ಆದರೆ ಅವನ ಮತ್ತು ಕೊಡದ ನಡುವೆ ಇದ್ದ ದೂರವನ್ನು ನಾನು ಅಳೆದಿರಲಿಲ್ಲ.

ಎರಡನೆಯ ಸಂಗತಿಯನ್ನು ಹೇಳಲು ನನಗೆ ಇಂದಿಗೂ ನಾಚಿಕೆಯಾಗುತ್ತದೆ. ಹಳ್ಳಿಯೊಂದರ ಶಾಲೆಯಿಂದ ಹನ್ನೆರಡು ಹದಿಮೂರು ವಯಸ್ಸಿನ ಹುಡುಗಿಯೊಬ್ಬಳನ್ನು ತಾಯಿ ಮತ್ತೆ ಮತ್ತೆ ಕರೆತರುತ್ತಿದ್ದಳು. ಮಧ್ಯಾಹ್ನವಾಗುತ್ತಲೂ ತಲೆನೋವು, ಮೂತ್ರದಲ್ಲಿ ಉರಿ, ಒಂದು ಸಲ ಪ್ರಾರ್ಥನೆಯಲ್ಲಿ ನಿಂತಾಗ ಬವಳಿ ಬಂದು ಬಿದ್ದಿದ್ದಳು. ಕಬ್ಬಿಣಾಂಶದ ಗುಳಿಗೆ ಕೊಟ್ಟೆನು, ಟಾನಿಕ್ ಕೊಟ್ಟೆನು, ಉರಿಗೆ ಔಷಧ ಕೊಟ್ಟೆನು. ಒಂದು ವರ್ಷ ಹೀಗೆಯೇ ಸಾಗಿತು. ಕಡೆಗೊಂದು ದಿನ ಅವಳ ಚೀಲದಲ್ಲಿದ್ದ ನೀರಿನ ಬಾಟಲಿಯು ಕಣ್ಣಿಗೆ ಬಿತ್ತು. ಸಂಜೆಯಾಗಿತ್ತು, ಬಾಟಲಿ ತುಂಬಿಯೇ ಇತ್ತು. “ಯಾಕವ್ವಾ, ಕುಡಿಯಲಿಲ್ಲವೇನು?” ಎಂದು ಕೇಳಿದೆನು. ತಾಯಿಯ ಮುಖ ನೋಡಿ ಮೆಲ್ಲಗೆ ಹೇಳಿದಳು: “ಕುಡದ್ರ ಹೊರಗ ಹೋಗಬೇಕಾಗತೈತ್ರಿ. ಅಲ್ಲಿ ಬಾಗಲಕ್ಕ ಚಿಲಕ ಇಲ್ರಿ.”

ಒಂದು ಚಿಲಕ! ನಾನು ಅವಳಿಗೆ ಬರೆದುಕೊಟ್ಟ ಔಷಧಗಳ ಬೆಲೆಯಲ್ಲಿ ಹತ್ತು ಚಿಲಕಗಳು ಬರುತ್ತಿದ್ದವು. ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳದಿದ್ದುದು ನನ್ನ ತಪ್ಪು. ಅಂದಿನಿಂದ ಹೆಣ್ಣುಮಕ್ಕಳು ಬಂದಾಗ ನಾಲಗೆಯನ್ನು ನೋಡುವುದಕ್ಕೆ ಮುಂಚೆ ಆ ಮಾತನ್ನೇ ಕೇಳುತ್ತ ಬಂದಿದ್ದೇನೆ. ಬೀಡಿ ಕಟ್ಟುವ ತಾಯಂದಿರು, ಸಂತೆಯಲ್ಲಿ ತರಕಾರಿ ಮಾರುವವರು, ಬಸ್ಸಿನಲ್ಲಿ ದೂರ ಹೋಗಬೇಕಾದವರು, ಎಲ್ಲರ ಉತ್ತರವೂ ಒಂದೇ. ನೀರು ಇಲ್ಲವೆಂದಲ್ಲ, ಕುಡಿದರೆ ಮುಂದೇನು ಎಂಬ ಭಯ. ಮನೆಗೆ ಕೊಡ ಕೊಡ ನೀರು ಹೊತ್ತು ತರುವವಳೇ ಎಲ್ಲರಿಗಿಂತ ಕಡಿಮೆ ನೀರು ಕುಡಿಯುವಳು.

ಆದುದರಿಂದ ಸಾಕಷ್ಟು ನೀರು ಕುಡಿಯುವುದು ಒಬ್ಬೊಬ್ಬರ ಸದ್ಗುಣವೆಂದು ನಾನು ಈಗ ಹೇಳಲಾರೆನು. ಕುಡಿಯಲು ಬಿಡುವುದು ಸಮಾಜದ ಕರ್ತವ್ಯ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ದುಡಿಯುವ ತರುಣರು ಮೂತ್ರಪಿಂಡಗಳು ಕೆಟ್ಟು ಸಾಯುತ್ತಿದ್ದುದನ್ನು ವೈದ್ಯರು ಕಂಡರು. ಬಿಸಿಲಿನ ದುಡಿಮೆ ಮತ್ತು ನೀರಿನ ಕೊರತೆಗಳ ಪಾಲು ಅದರಲ್ಲಿ ದೊಡ್ಡದೆಂದು ಬಲವಾದ ಅನುಮಾನವಿದೆ. ನಿಕರಾಗುವ ದೇಶದಲ್ಲಿ ಕಬ್ಬು ಕಡಿಯುವವರಿಗೆ ನೀರಿನ ಜೊತೆಗೆ ನೆರಳನ್ನೂ ವಿಶ್ರಾಂತಿಯನ್ನೂ ಕೊಟ್ಟಾಗ ಆ ಹಾನಿ ಕಡಿಮೆಯಾಯಿತು. ಸಕ್ಕರೆ ಕಾರ್ಖಾನೆಗಳು ತುಂಬಿರುವ ನಮ್ಮ ಜಿಲ್ಲೆಗೆ ಇದು ದೂರದ ಸುದ್ದಿಯಲ್ಲ.

1948ರ ಕಾರ್ಖಾನೆ ಕಾಯಿದೆಯನ್ನು ರಚಿಸಿದವರು ಕುಡಿಯುವ ನೀರಿನ ವಿಷಯದಲ್ಲಿ ಒಂದು ಸೊಗಸಾದ ನಿಯಮವನ್ನು ಬರೆದಿದ್ದರು. ನೀರಿರುವ ಸ್ಥಳದಲ್ಲಿ ‘ಕುಡಿಯುವ ನೀರು’ ಎಂದು ಕೆಲಸಗಾರರಲ್ಲಿ ಹೆಚ್ಚಿನವರಿಗೆ ತಿಳಿಯುವ ಭಾಷೆಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು ಎಂಬುದೇ ಅದು. ಬಾಯಾರಿದವನ ಭಾಷೆಯಲ್ಲಿ ಬರೆಯಬೇಕು! ಗಡಿನಾಡಿನವರಾದ ನಮಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾವು ಕನ್ನಡ ಫಲಕಗಳಿಗಾಗಿ ಮನವಿಗಳನ್ನು ಬರೆದವರು. ಈ ಸಲ ನಾವೇ ಒಂದು ಫಲಕವನ್ನು ಬರೆದು ನಿಲ್ಲಿಸೋಣ.

ಸಂಘದ ಮುಂದೆ ನಾನು ಮೂರು ಬಿನ್ನಹಗಳನ್ನು ಇಡುತ್ತೇನೆ. ಸಂಕ್ರಾಂತಿಯ ಜಾತ್ರೆ ಮುಗಿದಿದೆ, ಬೇಸಗೆ ದೂರವಿಲ್ಲ. ಸಂಘದ ಬಾಗಿಲಲ್ಲಿ ಯುಗಾದಿಯಿಂದ ಮೃಗಶಿರೆಯವರೆಗೆ ಒಂದು ಅರವಟ್ಟಿಗೆ ನಡೆಯಲಿ. ಅದರ ಮೇಲೆ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕರಲ್ಲಿಯೂ ‘ಕುಡಿಯುವ ನೀರು’ ಎಂದಿರಲಿ. ಎರಡನೆಯದಾಗಿ, 2019ರಲ್ಲಿ ಕೇರಳದ ಶಾಲೆಗಳಲ್ಲಿ ‘ನೀರಿನ ಗಂಟೆ’ ಎಂಬ ಪದ್ಧತಿ ಆರಂಭವಾಯಿತು. ಗಂಟೆ ಬಾರಿಸಿದಾಗ ಮಕ್ಕಳೆಲ್ಲರೂ ನೀರು ಕುಡಿಯುವರು. ನಮ್ಮ ಕನ್ನಡ ಶಾಲೆಗಳ ಗುರುಗಳು ಇದನ್ನು ಕೈಗೊಳ್ಳಲಿ. ಮೂರನೆಯದಾಗಿ, ಗಂಟೆ ಬಾರಿಸುವುದಕ್ಕೆ ಮುಂಚೆ ಆ ಶಾಲೆಗಳ ಹೆಣ್ಣುಮಕ್ಕಳ ಶೌಚಾಲಯಗಳನ್ನು ನಮ್ಮ ಮಹಿಳಾ ಸದಸ್ಯೆಯರು ಹೋಗಿ ನೋಡಿ, ಚಿಲಕವಿಲ್ಲದಲ್ಲಿ ಚಿಲಕ, ನೀರಿಲ್ಲದಲ್ಲಿ ನೀರು ಒದಗಿಸಲಿ. ಮೊದಲ ಹತ್ತು ಚಿಲಕಗಳ ವೆಚ್ಚ ನನ್ನದು; ಅದು ನನ್ನ ಹಳೆಯ ಸಾಲ.

ಎಚ್ಚರಿಕೆಯ ಎರಡು ಮಾತು ಹೇಳಿ ಮುಗಿಸುತ್ತೇನೆ. ಹೃದಯ ಅಥವಾ ಮೂತ್ರಪಿಂಡಗಳ ದೌರ್ಬಲ್ಯವುಳ್ಳವರು ತಮ್ಮ ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು. ಯಾರೂ ಪಂತ ಕಟ್ಟಿ ಒಮ್ಮೆಲೇ ಕೊಡಗಟ್ಟಲೆ ಕುಡಿಯಬಾರದು. ಬಹಳ ಬೆವರಿದವರಿಗೆ ಉಪ್ಪು ಹಾಕಿದ ಮಜ್ಜಿಗೆ ಹಿತಕರ. ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ.

ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದರು. ನಮ್ಮ ಶಕ್ತಿಗೆ ಒಂದು ಕೊಡ, ಒಂದು ಫಲಕ, ಒಂದು ಚಿಲಕ ಸಾಕು.