ಗಿಟಾರಿನ ಜೊತೆಗೆ ಶರೀಫರ ಪದಗಳು



ಇಂದು ಒಂದು ರಾಕ್ ಸಂಗೀತ ತಂಡದ ಎರಡು ಆಲ್ಬಮ್‌ಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅರವತ್ತು ದಾಟಿದವನಿಗೆ ರಾಕ್ ಸಂಗೀತದ ಗೊಡವೆ ಯಾಕೆ ಎಂದು ತಾವು ಕೇಳಬಹುದು. ಆ ತಂಡದವರು ಹಾಡಿರುವುದು ನಮ್ಮ ಶಿಶುನಾಳ ಶರೀಫರ ತತ್ವಪದಗಳನ್ನು. ಹೀಗಾಗಿ ನಾನೂ ಅವರ ಅಭಿಮಾನಿಯಾದೆ.

ತಂಡದ ಹೆಸರು 'ರಘು ದೀಕ್ಷಿತ್ ಪ್ರಾಜೆಕ್ಟ್'. ರಘು ದೀಕ್ಷಿತ್ ಹುಟ್ಟಿದ್ದು ನಮ್ಮ ಮಹಾರಾಷ್ಟ್ರದ ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೊರಳಿಗೆ ಗಿಟಾರ್ ಹಾಕಿಕೊಂಡು ಹಾಡುವ ಮನುಷ್ಯ. 2010ರಲ್ಲಿ ಇಂಗ್ಲೆಂಡಿನ ಬಿಬಿಸಿ ದೂರದರ್ಶನದಲ್ಲೂ ಹಾಡಿ ಬಂದರು. ಅವರ ಮೊದಲ ಆಲ್ಬಮ್ 2008ರಲ್ಲಿ ಬಂತು. ಹಿಂದಿ ಹಾಡುಗಳ ನಡುವೆ ಅದರಲ್ಲಿ ಶರೀಫರ 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನಿಯ ಮಾಳಿಗಿ' ಇವೆ. 2013ರ 'ಜಗ್ ಚಂಗಾ' ಆಲ್ಬಮ್‌ನಲ್ಲಿ 'ಲೋಕದ ಕಾಳಜಿ' ಇದೆ.

ಶರೀಫರು 1819ರಿಂದ 1889ರವರೆಗೆ ಬಾಳಿದವರು. ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದವರು, ಕಳಸದ ಗೋವಿಂದ ಭಟ್ಟರ ಶಿಷ್ಯರು. ಅವರ ಪದಗಳನ್ನು ಭಜನೆಯಲ್ಲಿ ಏಕತಾರಿ, ತಾಳ, ದಮ್ಮಡಿಗಳ ಜೊತೆ ಹಾಡುವುದು ರೂಢಿ. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂದಾಗ ಸಿ. ಅಶ್ವತ್ಥರ ಸಂಗೀತದಿಂದ ಅವು ಮನೆಮನೆಗೆ ಮುಟ್ಟಿದವು. ಅದೇ ಪದಗಳಿಗೆ ಈ ತಂಡದವರು ಗಿಟಾರ್, ಡ್ರಮ್ಮು, ಪಿಟೀಲು ಕೂಡಿಸಿದ್ದಾರೆ.

ಬ್ಯಾಂಕಿನಲ್ಲಿ ಲೆಕ್ಕ ಬರೆದ ಕೈ ನನ್ನದು. ಆದ್ದರಿಂದ ಜಮಾ, ಖರ್ಚು ಎರಡೂ ಬಾಜು ಹೇಳುತ್ತೇನೆ.

ಮೊದಲು ಖರ್ಚು. ಭಜನೆಯಲ್ಲಿ ಮುಂದಿನವನು ಒಂದು ನುಡಿ ಹೇಳಿದರೆ ಹಿಂದಿನವರು ಅದನ್ನೇ ತಿರುಗಿ ಹೇಳುತ್ತಾರೆ. ಅಷ್ಟರಲ್ಲಿ ಅರ್ಥ ಮನಸ್ಸಿಗೆ ಇಳಿಯುತ್ತದೆ. ಇಲ್ಲಿ ಡ್ರಮ್ಮಿನ ಭರದಲ್ಲಿ ಕಾಲು ಕುಣಿಯುತ್ತದೆ, ಅರ್ಥ ಹಿಂದೆ ಉಳಿಯುತ್ತದೆ. ಗುಡುಗುಡಿ ಎಂದರೆ ಬರೀ ಹುಕ್ಕಾ ಎಂದುಕೊಂಡೇ ಕುಣಿದವರು ಎಷ್ಟೋ ಮಂದಿ ಇರಬೇಕು. ಶರೀಫರಿಗೆ ಗುಡುಗುಡಿ ಈ ದೇಹವೇ ಆಗಿತ್ತು. ಧಾರವಾಡ ಕಡೆಯ ಮಾತಿನ ಒಗರು ಕೂಡ ಈ ದನಿಯಲ್ಲಿ ಸ್ವಲ್ಪ ಕಡಿಮೆ.

ಇನ್ನು ಜಮಾ. ಅದು ದೊಡ್ಡದು. ನಮ್ಮ ದತ್ತವಾಡದಂಥ ಊರುಗಳಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಕನ್ನಡ ಆಡಬಲ್ಲ, ಆದರೆ ಓದಲಾರದ ಮಕ್ಕಳು ಬಹಳ. ಅಂಥ ಮಕ್ಕಳಿಗೆ ಶರೀಫರ ಪುಸ್ತಕ ಕೊಟ್ಟರೆ ಮುಚ್ಚಿಟ್ಟಾರು. ಹಾಡಿಗೆ ಲಿಪಿ ಬೇಡ. ಮೊಬೈಲಿನಲ್ಲಿ ಈ ಹಾಡು ಹಚ್ಚಿದರೆ ಕೂತು ಕೇಳುತ್ತಾರೆ.

ಇನ್ನೊಂದು ಮಾತು. ಈ ಮೂರು ಪದಗಳ ಮುಖ್ಯ ಶಬ್ದಗಳನ್ನೇ ನೋಡಿರಿ. ಗುಡುಗುಡಿ ಮರಾಠಿಯಲ್ಲಿ 'ಗುಡಗುಡಿ'. ಕಾಳಜಿ ಎರಡೂ ಕಡೆ ಕಾಳಜಿಯೇ. ನಮ್ಮ ಮಾಳಿಗಿಗೆ ಮರಾಠಿಯವರು 'ಮಾಳವದ' ಎನ್ನುತ್ತಾರೆ. ಬೆಂಗಳೂರಿನ ಹುಡುಗನಿಗೆ ಬಿಡಿಸಿ ಹೇಳಬೇಕಾದ ಶಬ್ದ ದೂಧಗಂಗೆಯ ದಂಡೆಯ ಮರಾಠಿ ನೆರೆಯವನಿಗೂ ತಿಳಿಯುತ್ತದೆ. ಭಾಷೆಯ ಹೆಸರಿನಲ್ಲಿ ಎಷ್ಟೋ ಜಗಳ ಕಂಡ ಈ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಮಾಳಿಗಿ ಎಂದರೆ ಏನೆಂದು ಆರ್‌ಸಿಸಿ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಗೊತ್ತಿಲ್ಲ. ಮಣ್ಣು ಹಾಸಿದ ಮೇಲ್ಛಾವಣಿ ಅದು. ಮಳೆಗಾಲದ ಮುಂಚೆ ಹೊಸ ಮಣ್ಣು ಹಾಕಿ ಗಟ್ಟಿ ಮಾಡದಿದ್ದರೆ ಸೋರುವುದು ಖಂಡಿತ. ಅಜ್ಞಾನದಿಂದ ಮನಸ್ಸೂ ಹಾಗೆಯೇ ಸೋರುತ್ತದೆ ಎಂದರು ಶರೀಫರು. 2005, 2019ರ ಮಹಾಪೂರ ಕಂಡ ಶಿರೋಳ ತಾಲೂಕಿನವರಿಗೆ ನೀರು ಹೊಕ್ಕ ಮನೆಯ ಸಂಕಟ ಹೊಸದಲ್ಲ. ಅದನ್ನು ಉದಾಹರಣೆ ಕೊಟ್ಟು ಮಕ್ಕಳಿಗೆ ಹೇಳಿದರೆ ಪದ ತಾನೇ ತಿಳಿಯುತ್ತದೆ.

ಕಲಾವಿದರು ಪದವನ್ನು ನಮ್ಮ ಬಾಗಿಲಿನವರೆಗೆ ತಂದಿದ್ದಾರೆ. ಒಳಗೆ ಕರೆದು ಕೂಡಿಸಿಕೊಳ್ಳುವುದು ಮನೆಯ ಹಿರಿಯರ ಕೆಲಸ. ಹುಡುಗರು ಈ ಹಾಡು ಹಚ್ಚಿದಾಗ ಗದ್ದಲವೆಂದು ಗದರಿಸಬೇಡಿರಿ. ಪಕ್ಕದಲ್ಲಿ ಕೂತು ಕೇಳಿರಿ. ಹಾಡು ಮುಗಿದ ಮೇಲೆ ಒಂದು ಶಬ್ದದ ಅರ್ಥವನ್ನಾದರೂ ಹೇಳಿರಿ.