ಕಾಲೇಜಿನ ಹೆಸರೋ, ಕೈಯ ಕೆಲಸವೋ?

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮೊನ್ನೆ ಎರಡನೆಯ ಪಾಳಿ ಮುಗಿಸಿ ಬಂದ ಗೆಳೆಯರೊಬ್ಬರು ನನ್ನನ್ನು ದಾರಿಯಲ್ಲಿ ತಡೆದು ಕೇಳಿದರು: “ಮೇಷ್ಟ್ರೇ, ಮಗಳು ಕಂಪ್ಯೂಟರ್ ಓದುತ್ತೇನೆನ್ನುತ್ತಾಳೆ. ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಬೆಂಗಳೂರಿನ ದೊಡ್ಡ ಹೆಸರಿನ ಕಾಲೇಜಾದರೆ ದುಡ್ಡು ಸುರಿಯಬೇಕು. ಇರುವ ಒಂದು ನಿವೇಶನ ಮಾರಿಬಿಡಲೇ?”

ನಾನು ಮೆಟ್ರಿಕ್ ಪಾಸಾದ ಮೇಷ್ಟ್ರು, ಕಂಪ್ಯೂಟರ್ ಬಲ್ಲವನಲ್ಲ. ಆದರೆ ನಿವೇಶನ ಮಾರುವ ಮಾತು ಬಂದಾಗ ಸುಮ್ಮನಿರುವುದು ಹೇಗೆ? ಓದಿ, ಕೇಳಿ ತಿಳಿದುದನ್ನು ಹೇಳುತ್ತೇನೆ.

ಫಿನ್ಲೆಂಡ್ ಬೆಂಗಳೂರಿಗಿಂತ ಕಡಿಮೆ ಜನರಿರುವ ದೇಶ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ಕಂತಿನ ಮೇಲೆ ಕೊಂಡ ಕಂಪ್ಯೂಟರಿನ ಮುಂದೆ ಕುಳಿತು, ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮೊಂದನ್ನು ಬರೆದ. ಸುಮಾರು 10,000 ಸಾಲು. ಇದು ಬರೀ ಹವ್ಯಾಸವೆಂದು ಅವನೇ ಹೇಳಿಕೊಂಡಿದ್ದ. ಬರೆದುದನ್ನು ಬೀಗ ಹಾಕಿಡದೆ ಎಲ್ಲರಿಗೂ ಬಿಟ್ಟುಕೊಟ್ಟ. ದೇಶದೇಶಗಳವರು ತಿದ್ದಿ ಬೆಳೆಸಿದರು. ಅದೇ ಲಿನಕ್ಸ್. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನೊಳಗೆ ಇರುವುದೂ ಅದೇ. ಅವನ ಸ್ನಾತಕೋತ್ತರ ಪದವಿ ಕೈಗೆ ಬರುವ ಹೊತ್ತಿಗೆ ಲಿನಕ್ಸ್ ಲೋಕಪ್ರಸಿದ್ಧವಾಗಿತ್ತು. ಪದವಿಯ ಪ್ರಬಂಧ ಬರೆದದ್ದೂ ಅದರ ಮೇಲೆಯೇ!

ತಿದ್ದುಪಡಿ ಕಳುಹಿಸಲು ಯಾರೂ ಪದವಿಪತ್ರ ತೋರಿಸಬೇಕಾಗಿರಲಿಲ್ಲ. ಪ್ರೋಗ್ರಾಂ ಓಡಬೇಕು, ಅಷ್ಟೆ. ಬೋರ್ಡು ನೋಡಿ ಗಿರಾಕಿ ಒಮ್ಮೆ ಒಳಗೆ ಬರಬಹುದು. ಮರುದಿನವೂ ಬರಬೇಕಾದರೆ ತೂಕ ಸರಿಯಿರಬೇಕು. ಇದನ್ನು ವ್ಯಾಪಾರಿ ಮಿತ್ರರಿಗೆ ನಾನು ಹೇಳಿಕೊಡಬೇಕೆ?

ಆದರೆ ಬೋರ್ಡಿಗೆ ಬೆಲೆಯೇ ಇಲ್ಲವೆಂದರೆ ಸುಳ್ಳಾದೀತು. ದೊಡ್ಡ ಕಂಪನಿಗಳು ಕೆಲಸಗಾರರನ್ನು ಆರಿಸಲು ಮೊದಲು ಹೋಗುವುದು ಹೆಸರಾಂತ ಕಾಲೇಜುಗಳ ಬಾಗಿಲಿಗೇ. ಮೊದಲ ನೌಕರಿಗೆ ನಮ್ಮ ಮಕ್ಕಳು ಹೆಚ್ಚು ಬಾಗಿಲು ತಟ್ಟಬೇಕಾಗುತ್ತದೆ.

ಇನ್ನೊಂದು ಮಾತನ್ನು ಲಿನಸ್ ಕತೆ ಹೇಳುವವರು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ಅವನ ಅಜ್ಜ ಅದೇ ವಿಶ್ವವಿದ್ಯಾನಿಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ. ಅಜ್ಜನ ಕಂಪ್ಯೂಟರನ್ನು ಹುಡುಗ ಬಾಲ್ಯದಲ್ಲೇ ಮುಟ್ಟಿದ್ದ. ಆ ದೇಶದಲ್ಲಿ ಅವನು ಬೋಧನಾ ಶುಲ್ಕ ಕಟ್ಟಬೇಕಾಗಿರಲಿಲ್ಲ. ಮಗ್ಗವಿಲ್ಲದವನಿಗೆ ನೇಯ್ದು ತೋರಿಸೆಂದರೆ ಅದು ನ್ಯಾಯವೆ? “ಪ್ರತಿಭೆಯಿದ್ದರೆ ಸಾಕು” ಎಂದು ಹೇಳುವವರ ಮನೆಯಲ್ಲಿ ಎಷ್ಟು ಕಂಪ್ಯೂಟರುಗಳಿವೆಯೆಂದು ಒಮ್ಮೆ ಎಣಿಸಿ ನೋಡಿ.

ಆದುದರಿಂದ ಆ ಗೆಳೆಯರಿಗೆ ಹೇಳಿದೆ: ನಿವೇಶನ ಹಾಗೇ ಇರಲಿ. ಮಗಳು ಸರ್ಕಾರಿ ಕಾಲೇಜಿಗೇ ಸೇರಲಿ. ಕಂತಿನ ಮೇಲಾದರೂ ಸರಿ, ಅವಳದೇ ಒಂದು ಕಂಪ್ಯೂಟರ್ ಕೊಡಿಸಿ. ದಿನವೂ ಏನಾದರೂ ಮಾಡಲಿ. ನಿಮ್ಮ ಓಣಿಯ ಕಿರಾಣಿ ಅಂಗಡಿಯ ಉದ್ರಿ ಲೆಕ್ಕವನ್ನೇ ಮೊದಲು ಬರೆದು ಓಡಿಸಲಿ. ಸೋಮವಾರ ಹತ್ತು ಗಂಟೆಗೆ ನನ್ನೊಂದಿಗೆ ಬನ್ನಿ. ಪ್ರಯೋಗಶಾಲೆಯನ್ನು ರಾತ್ರಿ ಎಂಟರವರೆಗೆ ತೆರೆದಿಡಿ ಎಂದು ಪ್ರಿನ್ಸಿಪಾಲರನ್ನು ಕೇಳೋಣ. ಪಾಳಿ ಇಲ್ಲದವರೆಲ್ಲ ಜೊತೆಗೆ ಬರಬಹುದು.