ಶಾಲೆಯ ಬೇಲಿ, ಬೇಸಗೆಯ ನೀರು

(ಬುಕ್ಕಾಪಟ್ಟಣದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಕೂಲಿಯ ಮಾತನ್ನಾಗಲಿ ತೆರಿಗೆಯ ಮಾತನ್ನಾಗಲಿ ನಾನು ಎತ್ತುವುದಿಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಕುಳಿತು ಉಸಿರಾಡುವ ಗಾಳಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ಇದೂ ಹೊಟ್ಟೆಪಾಡಿನ ಮಾತೇ. ಕೆಮ್ಮುವ ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದ ದಿನ ತಾಯಿಯ ಕೂಲಿ ಹೋಗುತ್ತದೆಂಬುದನ್ನು ತಾವು ಬಲ್ಲಿರಿ.

ಉಳ್ಳವರು ಊರ ಹೊರಗೆ ಎಕರೆಗಟ್ಟಲೆ ಬಯಲಿನಲ್ಲಿ ಶಾಲೆ ಕಟ್ಟಿಸಿಕೊಳ್ಳುತ್ತಾರೆ. ಪೇಟೆಯ ಸರ್ಕಾರಿ ಶಾಲೆಯೋ ಬಸ್‌ಸ್ಟ್ಯಾಂಡಿನ ಹತ್ತಿರ, ಸಂತೆಯ ಪಕ್ಕ, ರಸ್ತೆಗೆ ಮುಖಮಾಡಿ ನಿಂತಿರುತ್ತದೆ. ಲಾರಿ ಎಬ್ಬಿಸಿದ ಧೂಳು ಕಿಟಕಿಯಿಂದ ಬಂದು ಪುಸ್ತಕದ ಮೇಲೆ ಕೂರುತ್ತದೆ. ಮಗುವಿನ ಮೂಗು ನೆಲಕ್ಕೆ ಹತ್ತಿರ, ಲಾರಿಯ ಹೊಗೆಕೊಳವೆಗೂ ಹತ್ತಿರ. ಮೈತೂಕಕ್ಕೆ ಹೋಲಿಸಿದರೆ ಅದು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ.

ಇದು ಬೆಂಗಳೂರಿನವರ ಕಾಯಿಲೆ, ನಮಗೇಕೆ ಎನ್ನಬೇಡಿ. 2019ರಲ್ಲಿ ಕೇಂದ್ರ ಸರ್ಕಾರ ಶುದ್ಧ ವಾಯು ಕಾರ್ಯಕ್ರಮವನ್ನು ಆರಂಭಿಸಿದಾಗ, ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ಬೆಂಗಳೂರಿನೊಡನೆ ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆಗಳೂ ಇದ್ದವು. ದಾವಣಗೆರೆಯ ದೊಡ್ಡ ಹತ್ತಿ ಮಿಲ್ಲುಗಳ ಕಾಲ ಮುಗಿದು ಎಷ್ಟೋ ವರ್ಷಗಳಾದವು. ಕೆಲಸ ಹೋಯಿತು, ಧೂಳು ಹೋಗಲಿಲ್ಲ!

ಹಸಿರಿದ್ದರೆ ಏನಾಗುತ್ತದೆ? ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ 36 ಪ್ರಾಥಮಿಕ ಶಾಲೆಗಳ 2,593 ಮಕ್ಕಳನ್ನು ಒಂದು ವರ್ಷ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಾಲೆಯ ಸುತ್ತ ಹಸಿರು ಹೆಚ್ಚಾಗಿದ್ದಲ್ಲಿ ಮಕ್ಕಳ ಜ್ಞಾಪಕಶಕ್ತಿ ಹೆಚ್ಚು ಬೆಳೆದಿತ್ತು. ವಾಹನದ ಮಸಿ ಕಡಿಮೆಯಿದ್ದುದೇ ಅದಕ್ಕೆ ಒಂದು ಕಾರಣವೆಂದು ತಿಳಿಯಿತು. ಮಗ್ಗಿ ಬಾರದ ಹುಡುಗನನ್ನು ದಡ್ಡನೆಂದು ಗದರಿಸುವ ಮೇಷ್ಟ್ರುಗಳು ಇದನ್ನು ಓದಬೇಕು.

ಆದರೆ ಗಿಡಕ್ಕೆ ಮೊದಲು ಹೊಗೆಯ ಮೂಲ ನಿಲ್ಲಬೇಕು. ಅಂಗಡಿಕಾರ ಬಂಧುಗಳು ಬೇಸರಪಡಬಾರದು. ಬೆಳಿಗ್ಗೆ ಅಂಗಡಿಯ ಮುಂದೆ ಗುಡಿಸಿ, ಪ್ಲಾಸ್ಟಿಕ್ ಸಮೇತ ಬೆಂಕಿ ಹಚ್ಚುವ ಹೊತ್ತಿಗೇ ಮಕ್ಕಳು ಶಾಲೆಗೆ ಬರುತ್ತಿರುತ್ತಾರೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಪೀಠ 2016ರಲ್ಲೇ ಆಜ್ಞೆ ಮಾಡಿತು. ದಂಡದ ಭಯವೇಕೆ, ಅದು ನಿಮ್ಮ ಮಕ್ಕಳೇ ಓದುವ ಶಾಲೆ. ಕಸ ಒಯ್ಯುವ ಗಾಡಿ ಹೊತ್ತಿಗೆ ಸರಿಯಾಗಿ ಬರುವಂತೆ ಮಾಡುವುದು ಪಂಚಾಯಿತಿಯ ಹೊಣೆ. ಅದನ್ನು ಕೇಳಲು ನಾವೂ ನಿಮ್ಮೊಡನೆ ಬರುತ್ತೇವೆ. ಶಾಲೆಯ ಮುಂದೆ ಲಾರಿ ನಿಲ್ಲಿಸಿದ ಚಾಲಕ ಇಂಜಿನ್ ಆರಿಸಲಿ. ರಸ್ತೆಯಂಚಿನ ಸಡಿಲ ಮಣ್ಣಿಗೆ ಕಲ್ಲುಹಾಸು ಬೀಳಲಿ.

ಇನ್ನು ಗಿಡ. ಎತ್ತರದ ಮರ ಮಾತ್ರ ಸಾಲದು, ಕಾಂಡಗಳ ನಡುವೆ ಧೂಳು ನುಗ್ಗುತ್ತದೆ. ರಸ್ತೆಯ ಕಡೆಗೆ ಒತ್ತಾದ ಗಿಡ್ಡ ಬೇಲಿ, ಅದರ ಹಿಂದೆ ಹೊಂಗೆ, ಬೇವು, ನೇರಳೆ. ಈ ಸೀಮೆಯ ಮಳೆ ಎಷ್ಟೆಂಬುದು ಎಲ್ಲರಿಗೂ ಗೊತ್ತು. ಇಲ್ಲಿಯ ಬರವನ್ನು ತಾಳುವ ಮರವನ್ನೇ ಹಾಕಬೇಕು. ನಮ್ಮ ಪಕ್ಕದ ಕುರುಚಲು ಕಾಡನ್ನು ಸರ್ಕಾರ 2019ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಿತು. ಸುಮಾರು 136 ಚದರ ಕಿಲೋಮೀಟರು. ಸಂತೋಷವೇ. ಹುಲ್ಲೆಗೆ ಅಷ್ಟು ಜಾಗ ದೊರೆತ ಊರಿನಲ್ಲಿ ಶಾಲೆಯ ಗೋಡೆಗೆ ಹತ್ತಡಿ ಹಸಿರು ದೊರೆಯಬಾರದೆ?

ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಕಳೆದ 2025ರ ನವೆಂಬರಿನಲ್ಲಿ ತೀರಿಕೊಂಡರು. ಕೂಲಿ ಮಾಡಿ ಬದುಕಿದ ಹೆಂಗಸು. ಗಂಡ ಚಿಕ್ಕಯ್ಯನವರೊಡನೆ ಹುಲಿಕಲ್ಲಿನಿಂದ ಕುದೂರಿನವರೆಗೆ 380ಕ್ಕೂ ಹೆಚ್ಚು ಆಲದ ಮರ ಬೆಳೆಸಿದರು. ಅವರು ನೆಟ್ಟರೆಂದು ಎಲ್ಲರೂ ಹೇಳುತ್ತಾರೆ. ಬಿಂದಿಗೆ ಹೊತ್ತು ಮೈಲಿಗಟ್ಟಲೆ ನಡೆದು ನೀರು ಹಾಕಿದರು, ದನ ತಿನ್ನದಂತೆ ಮುಳ್ಳು ಕಟ್ಟಿದರು ಎಂಬುದೇ ದೊಡ್ಡ ಮಾತು. 2019ರಲ್ಲಿ ರಸ್ತೆ ಅಗಲ ಮಾಡಲು ಆ ಮರಗಳಿಗೆ ಕೊಡಲಿಯ ಭಯ ಬಂದಾಗ ಆ ವಯಸ್ಸಿನಲ್ಲಿಯೂ ಮುಖ್ಯಮಂತ್ರಿಗೆ ಮೊರೆಯಿಟ್ಟರು.

ಶಾಲೆಯಲ್ಲಿ ಜೂನ್ 5ಕ್ಕೆ ಗಿಡ ನೆಡುತ್ತಾರೆ, ಹಾರ, ಫೋಟೋ ಎಲ್ಲ ಆಗುತ್ತದೆ. ಮಳೆ ಮುಗಿಯುವವರೆಗೆ ಅದು ಬದುಕುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ಬೀಗ. ಮಕ್ಕಳಿಲ್ಲ, ಮೇಷ್ಟ್ರಿಲ್ಲ, ನೀರಿಲ್ಲ. ಮುಂದಿನ ಜೂನಿನಲ್ಲಿ ಅದೇ ಗುಂಡಿಗೆ ಮತ್ತೊಂದು ಗಿಡ! ಮೂರು ಬೇಸಗೆ ದಾಟಿಸಿದರೆ ಬೇವು, ಹೊಂಗೆ ತಾವೇ ನಿಲ್ಲುತ್ತವೆ. ಆದ್ದರಿಂದ ಗಿಡ ನೆಡುವವರ ಹೆಸರನ್ನು ನಾನು ಕೇಳುವುದಿಲ್ಲ. ರಜೆಯ ಆ ಏಳೆಂಟು ವಾರ, ದಿನಕ್ಕೊಂದು ಅಂಗಡಿಯವರು, ಪಾಳಿ ಬಿಟ್ಟ ಮಿಲ್ಲಿನವರು ಇಬ್ಬರು, ತಲಾ ನಾಲ್ಕು ಕೊಡ ನೀರು ಹಾಕಬೇಕು. ಗೇಟಿನ ಬೀಗದ ಕೈ ಶಾಲಾಭಿವೃದ್ಧಿ ಸಮಿತಿಯವರಲ್ಲಿ ಇರಲಿ. ಪುಸ್ತಕ ಇಲ್ಲೇ ಮೇಜಿನ ಮೇಲಿದೆ, ಹೆಸರು ಬರೆಸಿ ಹೋಗಿರಿ.